ಕೊಟ್ಟವರಿಗೇ ಜುಗ್ಗರೆಂಬ ಹೆಸರು

“ಉತ್ತರ ಕನ್ನಡದವರಿಗೆ ಏನೂ ಬೇಡ. ಬಂದರು ಬೇಡ, ರೈಲು ಬೇಡ, ಕಾರ್ಖಾನೆ ಬೇಡ. ಏನು ತಂದರೂ ಬೋರ್ಡು ಹಿಡಿದು ನಿಲ್ಲುತ್ತಾರೆ.” ಕಾರವಾರ, ಅಂಕೋಲೆ ಕಡೆಯವರು ಹೊರಗೆಲ್ಲಾದರೂ ಊರಿನ ಹೆಸರು ಹೇಳಿದ ಕೂಡಲೇ ಈ ಮಾತು ಬರುತ್ತದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಬರುತ್ತದೆ, ಬೆಂಗಳೂರಿನ ಮದುವೆ ಊಟದ ಪಂಕ್ತಿಯಲ್ಲಿ ಬರುತ್ತದೆ, ಟಿ.ವಿ. ಚರ್ಚೆಯಲ್ಲಂತೂ ಬಂದೇ ಬರುತ್ತದೆ. ಹೇಳುವವರಲ್ಲಿ ಹೆಚ್ಚಿನವರಿಗೆ ನಮ್ಮ ಮೇಲೆ ದ್ವೇಷವೇನಿಲ್ಲ. ಗೋವಾಕ್ಕೆ ಹೋಗುವಾಗ ಕಾರವಾರದ ಕಡಲತಡಿಯಲ್ಲಿ ಕಾರು ನಿಲ್ಲಿಸಿ ಎಳನೀರು ಕುಡಿದವರು. “ಇಷ್ಟು ಚೆಂದದ ಜಾಗ, ಏನೂ ಮಾಡ್ಕೊಂಡಿಲ್ಲವಲ್ಲ” ಎಂದು ಮರುಗಿದವರು. ಬೈಗುಳಕ್ಕಿಂತ ಈ ಮರುಕವೇ ನಮಗೆ ಹೆಚ್ಚು ಚುಚ್ಚುವುದು.

ನಾನು ಬಾಳೆಗುಳಿ ಕಡೆಯವನು. ಬಾಳೆಗುಳಿ ಗೊತ್ತಿರುವವರು ಕಡಿಮೆ, ಅದನ್ನು ದಾಟಿ ಹೋದವರು ಲಕ್ಷಾಂತರ. ಪನ್ವೇಲಿನಿಂದ ಕನ್ಯಾಕುಮಾರಿಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹುಬ್ಬಳ್ಳಿ ಕಡೆಯಿಂದ ಬರುವ ಹೆದ್ದಾರಿ ಕೂಡುವುದು ಇಲ್ಲೇ. ಮೊದಲು 63 ಎನ್ನುತ್ತಿದ್ದ ಆ ರಸ್ತೆಗೆ ಈಗ 52ನೇ ನಂಬರು. ದಾಖಲೆಯಲ್ಲಿ ಅದು ಪಂಜಾಬಿನ ಸಂಗ್ರೂರಿನಿಂದ ಹೊರಟು ಅಂಕೋಲೆಯಲ್ಲಿ ಮುಗಿಯುತ್ತದೆ. ಪಂಜಾಬಿನ ರಸ್ತೆಯ ಕೊನೆ ನಮ್ಮೂರ ಕ್ರಾಸು ಎಂದರೆ ಊರವರೇ ನಗುತ್ತಾರೆ. ನಮಗೆ ಅದು ಹುಬ್ಬಳ್ಳಿ ರಸ್ತೆ, ಅಷ್ಟೇ. ಗೋಕರ್ಣಕ್ಕೆ ಹೋಗುವವರು ಇಲ್ಲಿ ಎಡಕ್ಕೆ ತಿರುಗುತ್ತಾರೆ, ಗೋವಾಕ್ಕೆ ಹೋಗುವವರು ಬಲಕ್ಕೆ. ಇಳಿಯುವವರು ಯಾರೂ ಇಲ್ಲ. ನಮ್ಮ ಬಗ್ಗೆ ಹೊರಗೆ ಓಡಾಡುವ ಅಭಿಪ್ರಾಯಗಳಲ್ಲಿ ಮುಕ್ಕಾಲು ಪಾಲು ಹೀಗೆ ತಿರುವಿನಲ್ಲಿ ಗಾಜಿನಾಚೆ ನೋಡಿ ಕಟ್ಟಿಕೊಂಡವು.

ಹಾಗಾಗಿ ಒಂದು ಸಲ ಲೆಕ್ಕದ ಪುಸ್ತಕ ಬಿಚ್ಚುವುದು ಒಳ್ಳೆಯದು. ಈ ನೆಲ ಏನು ಕೊಟ್ಟಿದೆ, ಏನಕ್ಕೆ ಬೇಡ ಎಂದಿದೆ, ಏನನ್ನು ಬೇಡಿ ಬೇಡಿ ಸುಸ್ತಾಗಿದೆ, ಮೂರನ್ನೂ ನೋಡೋಣ.

ಕಾಳಿ ನದಿಯಿಂದಲೇ ಶುರು ಮಾಡಬೇಕು. ಜೋಯಿಡಾದ ದಿಗ್ಗಿ ಕಾಡಿನಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಈ ನದಿ ಉದ್ದಕ್ಕೂ ಹರಿಯುವುದು ಒಂದೇ ಜಿಲ್ಲೆಯಲ್ಲಿ. ಆ ಒಂದು ನದಿಗೆ ಸೂಪಾ, ಬೊಮ್ಮನಹಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳು. ನೂರು ಮೀಟರು ಎತ್ತರದ ಸೂಪಾ ಅಣೆಕಟ್ಟಿಗೆ ಸೂಪಾ ಎಂಬ ಊರೇ ಮುಳುಗಿತು; ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಊರಿನ ಹೆಸರು ಅಣೆಕಟ್ಟಿಗೆ ಉಳಿಯಿತು. ನಾಗಝರಿ ವಿದ್ಯುದಾಗಾರವೊಂದೇ ಸುಮಾರು 900 ಮೆಗಾವಾಟ್ ಕೊಡುತ್ತದೆ. ಕದ್ರಾದ 150, ಕೊಡಸಳ್ಳಿಯ 120, ಸೂಪಾದ 100 ಬೇರೆ. ಬೆಂಗಳೂರಿನಲ್ಲಿ ಕುಳಿತು ನಮ್ಮನ್ನು ಬೈಯುವ ಟಿ.ವಿ. ಸ್ಟುಡಿಯೋದ ದೀಪಕ್ಕೂ ಇದರಲ್ಲಿ ಒಂದು ಪಾಲಿರಬೇಕು. ಆದರೆ ಜೋಯಿಡಾದ ಒಳಕಾಡಿನ ಹಳ್ಳಿಗಳಿಗೆ ಕರೆಂಟಿನ ತಂತಿ ಎಳೆಯಲು ದಶಕಗಳೇ ಹಿಡಿದವು. ಜೋರು ಮಳೆಗಾಲದಲ್ಲಿ ಕದ್ರಾದ ಗೇಟು ತೆರೆದಾಗ ಕೆಳಗಿನ ಕಾರವಾರದ ಹಳ್ಳಿಗಳಲ್ಲಿ ಏನಾಗುತ್ತದೆ ಎಂಬುದನ್ನು 2019ರಲ್ಲಿ ನಾಡೆಲ್ಲ ನೋಡಿತು. ಆ ವರ್ಷ ಗಂಗಾವಳಿಯೂ ಅಂಕೋಲೆಯ ನದಿದಂಡೆಯ ಊರುಗಳನ್ನು ಬಿಡಲಿಲ್ಲ.

ಅದೇ ಕಾಳಿಯ ದಂಡೆಯಲ್ಲಿ ಕೈಗಾ. ತಲಾ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು. ಮೊದಲ ಘಟಕ 962 ದಿನ ಎಡೆಬಿಡದೆ ಓಡಿ 2018ರ ಡಿಸೆಂಬರಿನಲ್ಲಿ ವಿಶ್ವದಾಖಲೆ ಮಾಡಿತು. ಈಗ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಸರದಿ. ಕೈಗಾ ಬಂದಾಗ ವಿರೋಧ ಇರಲಿಲ್ಲವೇ? ಇತ್ತು, ಜೋರಾಗಿಯೇ ಇತ್ತು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕುಸಿದು ಬಿದ್ದಾಗ ವಿರೋಧಿಸಿದವರ ಹೆದರಿಕೆ ಸುಳ್ಳಲ್ಲ ಎನ್ನುವುದೂ ಗೊತ್ತಾಯಿತು. ಆದರೆ ಇಲ್ಲಿ ಒಂದು ಸಂಗತಿಯನ್ನು ನೆನಪಿಸಬೇಕು, ಏಕೆಂದರೆ ಇದನ್ನು ಎಲ್ಲರೂ ಮರೆತಿದ್ದಾರೆ. 1989ರ ಲೋಕಸಭಾ ಚುನಾವಣೆಯಲ್ಲಿ ಪರಿಸರವನ್ನೇ ವಿಷಯವಾಗಿಟ್ಟುಕೊಂಡು ನಮ್ಮ ಕ್ಷೇತ್ರದಿಂದ ನಿಂತವರು ಕೋಟ ಶಿವರಾಮ ಕಾರಂತರು. ಜ್ಞಾನಪೀಠ ಬಂದ ಸಾಹಿತಿ, ಕರಾವಳಿಯಲ್ಲಿ ಅವರ ಹೆಸರು ಕೇಳದವರಿಲ್ಲ, ವಯಸ್ಸು 87. ಯೋಜನೆಗಳಿಗೆ ಬೇಡ ಎನ್ನುವುದು ನಮ್ಮ ರಕ್ತದಲ್ಲೇ ಇದ್ದಿದ್ದರೆ ಕಾರಂತರಿಗಿಂತ ಒಳ್ಳೆಯ ಅಭ್ಯರ್ಥಿ ಎಲ್ಲಿ ಸಿಗುತ್ತಿದ್ದರು? ಅವರು ಸೋತರು. ಈ ಜಿಲ್ಲೆಯ ಮತದಾರರು ಅಂದು ಕಾರಂತರನ್ನು ಗೌರವಿಸಿದರು, ಓಟನ್ನು ಬೇರೆಯವರಿಗೆ ಹಾಕಿದರು. ನಮ್ಮನ್ನು ‘ಅಭಿವೃದ್ಧಿ ವಿರೋಧಿಗಳು’ ಎನ್ನುವವರು ಈ ಫಲಿತಾಂಶವನ್ನು ಎಲ್ಲಿಡುತ್ತಾರೋ ತಿಳಿಯದು.

ಇನ್ನು ಸೀಬರ್ಡ್. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ನೌಕಾನೆಲೆ ಇದು. ಸುಮಾರು 11 ಸಾವಿರ ಎಕರೆ ಭೂಮಿ ಹೋಯಿತು. ಬಿಣಗಾ, ಅರಗಾ, ಚೆಂಡಿಯಾದಿಂದ ಹಾರವಾಡದ ಕಡೆಯವರೆಗೆ ಕಾರವಾರ-ಅಂಕೋಲೆ ನಡುವಿನ ಒಳ್ಳೊಳ್ಳೆಯ ಗದ್ದೆ, ತೋಟ, ಕಡಲ ಹಿತ್ತಿಲು ಎಲ್ಲ ಅದರೊಳಗೆ ಸೇರಿದವು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಎದ್ದವು. ನೌಕಾನೆಲೆ 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ಯುದ್ಧವಿಮಾನ ಹೊತ್ತೊಯ್ಯುವ ವಿಕ್ರಮಾದಿತ್ಯ ಹಡಗಿಗೆ ಇದೇ ಮನೆ. ದೇಶಕ್ಕೆ ಬೇಕಾದ ನೆಲೆ, ಅದರ ಬಗ್ಗೆ ಇಲ್ಲಿ ಯಾರಿಗೂ ತಕರಾರಿಲ್ಲ. ನೌಕಾಪಡೆಯ ಹಡಗು ಕಂಡಾಗ ಮಕ್ಕಳಿಗೆ ತೋರಿಸಿ ಹೆಮ್ಮೆಪಡುವ ಜನವೇ ನಾವು. ತಕರಾರು ಇದ್ದಿದ್ದು ಗುಂಟೆಗೆ ಕಟ್ಟಿದ ಬೆಲೆಯ ಬಗ್ಗೆ. ಅದು ಎಷ್ಟು ಕಡಿಮೆಯಿತ್ತೆಂದರೆ ಜನ ಕೋರ್ಟಿಗೆ ಹೋದರು, ಕೋರ್ಟು ಹೆಚ್ಚು ಮಾಡಿತು, ಹೆಚ್ಚಾದ ಹಣ ಕೈಗೆ ಬರಲು ಇನ್ನೊಂದು ಅಲೆದಾಟ. ಅರ್ಜಿ ಹಾಕಿದ ಅಜ್ಜ ಸತ್ತು, ಮಗ ಮುದುಕನಾಗಿ, ಮೊಮ್ಮಗ ವಕೀಲರ ಮನೆಗೆ ಹೋದ ಕುಟುಂಬಗಳು ಇಲ್ಲಿ ಅಪರೂಪವಲ್ಲ.

ಈಗ ಬೇಡ ಎಂದಿದ್ದರ ಲೆಕ್ಕ. ಇದನ್ನು ಅರ್ಥಮಾಡಿಕೊಳ್ಳಲು ರಂಪಣಿ ಮೀನುಗಾರಿಕೆ ಸ್ವಲ್ಪ ಗೊತ್ತಿರಬೇಕು. ಬಂಗುಡೆ, ತಾರ್ಲೆ ಮೀನುಗಳ ಹಿಂಡು ದಡದ ಹತ್ತಿರ ಬಂದಾಗ ನೀರಿನ ಬಣ್ಣವೇ ಬದಲಾಗುತ್ತದೆ. ಕಣ್ಣು ಪಳಗಿದ ಹಿರಿಯನೊಬ್ಬ ದಡದಿಂದಲೇ ಅದನ್ನು ಗುರುತಿಸಿ ಕೂಗು ಹಾಕುತ್ತಾನೆ. ಬಲೆಯ ಒಂದು ತುದಿ ದಡದಲ್ಲಿ, ಇನ್ನೊಂದನ್ನು ಹೊತ್ತ ದೋಣಿ ಹಿಂಡನ್ನು ಸುತ್ತುಹಾಕಿ ಮತ್ತೆ ದಡಕ್ಕೇ ಬರುತ್ತದೆ. ಆಮೇಲೆ ಎರಡು ತುದಿಯಲ್ಲೂ ಹತ್ತಾರು ಜನ ನಿಂತು ಹಗ್ಗ ಎಳೆಯಬೇಕು. ಎಳೆದವರೆಲ್ಲರಿಗೂ ಪಾಲಿದೆ. ಬಲೆಯವನಿಗೊಂದು, ದೋಣಿಯವನಿಗೊಂದು, ಹಗ್ಗ ಹಿಡಿದವನಿಗೊಂದು. ಸುಮ್ಮನೆ ಬುಟ್ಟಿ ಹಿಡಿದು ನಿಂತ ವಿಧವೆಗೂ ನಾಲ್ಕು ಮೀನು ಹಾಕಿಯೇ ಹಾಕುತ್ತಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಗಳ ಕಾಲ ಮುಗಿಯಿತು. ಆದರೂ ಸಣ್ಣ ಬಲೆಗಳಲ್ಲಿ ಅದೇ ಪದ್ಧತಿ ಉಳಿದಿದೆ. ಕಾರವಾರದಲ್ಲಿ ಏಂಡಿ ಬಲೆ ಎನ್ನುತ್ತಾರೆ. ಇದಕ್ಕೆ ಡೀಸೆಲ್ ಬೇಡ, ಜೆಟ್ಟಿ ಬೇಡ, ಬ್ಯಾಂಕಿನ ಸಾಲವೂ ಬೇಡ. ಬೇಕಾದದ್ದು ಒಂದೇ: ಉದ್ದಕ್ಕೆ ಅಡ್ಡಿಯಿಲ್ಲದ ಮರಳಿನ ದಡ. ನಡುವೆ ಕಲ್ಲಿನ ತಡೆಗೋಡೆ ಬಂದರೆ ಬಲೆ ಎಳೆಯಲು ಆಗುವುದಿಲ್ಲ.

ಸೀಬರ್ಡಿಗೆ ಹೋದ ಊರುಗಳಲ್ಲಿ ಇಂಥ ದಡಗಳೇ ಹೋದವು. ಉತ್ತರಕ್ಕೆ ಬಂದರು, ಮಧ್ಯದಲ್ಲಿ ನೌಕಾನೆಲೆ. ಕಾರವಾರದ ಸಾಂಪ್ರದಾಯಿಕ ಮೀನುಗಾರರಿಗೆ ಉಳಿದ ದೊಡ್ಡ ಮರಳು ದಡ ಎಂದರೆ ನಗರದ ರವೀಂದ್ರನಾಥ ಟ್ಯಾಗೋರ್ ಕಡಲತೀರ. ಸಾಗರಮಾಲಾ ಯೋಜನೆಯಲ್ಲಿ ಬಂದರಿನ ಎರಡನೇ ಹಂತದ ವಿಸ್ತರಣೆಗೆ ತಡೆಗೋಡೆ ಬರಬೇಕಾಗಿದ್ದುದು ಅಲ್ಲಿಗೇ. 2020ರ ಜನವರಿಯಲ್ಲಿ ಕಾರವಾರ ಬಂದ್ ಆಯಿತು, ಮೀನುಗಾರರು ಸಮುದ್ರಕ್ಕೆ ಹಾರಿದರು, ವಿಷಯ ಹೈಕೋರ್ಟಿಗೆ ಹೋಗಿ ಕೆಲಸ ನಿಂತಿತು. ಹೊರಗಿನ ಪತ್ರಿಕೆಗಳಲ್ಲಿ ಅದು ‘ಬಂದರಿಗೆ ವಿರೋಧ’ ಎಂದು ಬಂತು. ಕಾರವಾರದಲ್ಲಿ ಬಂದರು ಇಂದು ನಿನ್ನೆಯದಲ್ಲ. 1638ರ ಹೊತ್ತಿಗೆ ಇಂಗ್ಲಿಷರು ಕಡವಾಡದಲ್ಲಿ ಕೋಠಿ ಇಟ್ಟು ಮೆಣಸು, ಬಟ್ಟೆ ಸಾಗಿಸುತ್ತಿದ್ದ ಊರು ಇದು. ಬಂದರಿನ ಜೊತೆ ಮುನ್ನೂರೈವತ್ತು ವರ್ಷಕ್ಕೂ ಮೇಲೆ ಬದುಕಿದವರು ಒಂದು ದಿನ ಎದ್ದು ಬಂದರು ಬೇಡ ಎನ್ನುವುದಿಲ್ಲ. ಕೊನೆಯ ದಡ ಬಿಡುವುದಿಲ್ಲ ಎಂದರು. ಈ ಎರಡರ ನಡುವಿನ ಅಂತರವನ್ನು ನೋಡಲಾರದಷ್ಟು ದಡ್ಡರೇನಲ್ಲ ನಮ್ಮ ಟೀಕಾಕಾರರು.

ಬೇಡಿದ್ದರ ಲೆಕ್ಕಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿ ಕಡೆಯ ಆಸ್ಪತ್ರೆಗೆ ಹೊರಟ ಆ್ಯಂಬುಲೆನ್ಸು ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಟೋಲ್ ಗೇಟಿನ ಆ ದೃಶ್ಯ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಆ ಚಾಲಕ ಅಷ್ಟು ದೂರ ಅಷ್ಟು ವೇಗವಾಗಿ ಏಕೆ ಓಡಿಸಬೇಕಿತ್ತು ಎಂದು ಕೇಳಿದವರು ಕಡಿಮೆ. ಹತ್ತು ಸಾವಿರ ಚದರ ಕಿ.ಮೀ. ಮೀರಿದ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದವನಿಗೆ, ಹೃದಯ ನಿಲ್ಲುತ್ತಿರುವವನಿಗೆ ತಕ್ಕ ದೊಡ್ಡ ಆಸ್ಪತ್ರೆ ಇರಲಿಲ್ಲ. ಅದಕ್ಕಾಗಿ ಕಾರವಾರದಿಂದ ಭಟ್ಕಳದವರೆಗೆ ಜನ ಬೀದಿಗಿಳಿದರು, ಹುಡುಗರು ಸಾಮಾಜಿಕ ಜಾಲತಾಣದಲ್ಲಿ ಅಭಿಯಾನ ಮಾಡಿದರು, ಪಕ್ಷಭೇದ ಬಿಟ್ಟು ಸಹಿ ಹಾಕಿದರು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ನಿಜ. ಆದರೂ ಕೈಮೀರಿದ ಪ್ರಕರಣ ಬಂದರೆ ನಮ್ಮ ಬಾಳೆಗುಳಿಯ ಮೂರು ರಸ್ತೆಗಳಲ್ಲಿ ಒಂದನ್ನು ಆರಿಸಬೇಕು: ಬಲಕ್ಕೆ ಗೋವಾದ ಬಾಂಬೋಳಿ, ಎಡಕ್ಕೆ ಮಣಿಪಾಲ-ಮಂಗಳೂರು, ಇಲ್ಲವೇ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ. ಯಾವುದು ಹತ್ತಿರ ಎಂದು ಮನೆಯವರು ಯೋಚಿಸುವುದಿಲ್ಲ. ಇವತ್ತು ಯಾವ ರಸ್ತೆ ತೆರೆದಿದೆ ಎಂದು ಯೋಚಿಸುತ್ತಾರೆ. 2021ರ ಜುಲೈನಲ್ಲಿ ಅರಬೈಲಿನಲ್ಲಿ ಗುಡ್ಡ ಕುಸಿದಾಗ ಮೂರರಲ್ಲಿ ಒಂದು ಇರಲೇ ಇಲ್ಲ. ಬೀದಿಗಿಳಿದು ಆಸ್ಪತ್ರೆ ಕೇಳಿದವರು ಅಭಿವೃದ್ಧಿಗೆ ವಿರೋಧಿಗಳಂತೆ!

ರೈಲಿನ ಕತೆಯೂ ಅದೇ. ಹುಬ್ಬಳ್ಳಿ-ಅಂಕೋಲಾ ಮಾರ್ಗ 1997-98ರಲ್ಲಿ ಮಂಜೂರಾದ, ಸುಮಾರು 164 ಕಿ.ಮೀ. ಉದ್ದದ ಯೋಜನೆ. ಬಳ್ಳಾರಿ, ಹೊಸಪೇಟೆಯ ಅದಿರು ಸಾಗಿಸಲು ಹುಟ್ಟಿದ್ದು. ಘಟ್ಟದ ಕಾಡಿನಲ್ಲಿ ಎಷ್ಟು ಮರ ಹೋಗುತ್ತದೆ ಎಂಬ ಪ್ರಶ್ನೆ ದೊಡ್ಡದು, ಅದಕ್ಕೆ ಕೋರ್ಟು, ಸಮಿತಿ, ಮಂಡಳಿಗಳು ಇವೆ. ನನ್ನ ಮಟ್ಟಿಗೆ ಹೇಳುವುದಾದರೆ ಆ ಕಾಡಿನ ಬಗ್ಗೆ ಆತಂಕ ಪಡುವವರ ಮಾತಿನಲ್ಲಿ ತೂಕವಿದೆ. ಆದರೆ ಈ ರೈಲಿಗೆ ಅಡ್ಡ ನಿಂತವರು ‘ಅಂಕೋಲೆಯವರು’ ಎಂದು ಹೇಳಿದರೆ ಒಪ್ಪಲಾಗದು. ರೈಲು ಬೇಕು ಎಂದು ಅಂಕೋಲೆಯಲ್ಲೇ ಸಭೆ, ಮೆರವಣಿಗೆ, ಮನವಿಗಳು ಆಗಿವೆ. ವಿರೋಧಿಸಿದವರಲ್ಲಿ ಊರವರೂ ಇದ್ದಾರೆ, ಬೆಂಗಳೂರಿನವರೂ ಇದ್ದಾರೆ. ಒಂದು ಊರು ಎಂದ ಮೇಲೆ ಎರಡು ಅಭಿಪ್ರಾಯ ಇರುತ್ತದೆ. ಹುಬ್ಬಳ್ಳಿಯಲ್ಲಿ ಇಲ್ಲವೇ?

ಹೊರಗಿನವರು ನಮ್ಮ ಹೆಸರು ಕೆಡಿಸಲು ಬಳಸುವ ಇನ್ನೊಂದು ಊರು ಬೇಲೆಕೇರಿ. 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಬಂದರಿನಿಂದ ಮಾಯವಾಯಿತು. ಜಪ್ತಿ ಮಾಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಹಿಂತೆಗೆದುಕೊಂಡರು. ದೇಶವೆಲ್ಲ ಬೇಲೆಕೇರಿಯ ಹೆಸರು ಕಲಿತಿತು. ಆ ಅದಿರು ಬಂದಿದ್ದು ಬಳ್ಳಾರಿಯಿಂದ, ಹೋಗಿದ್ದು ಚೀನಾಕ್ಕೆ, ದುಡ್ಡು ಹೋದದ್ದು ಎಲ್ಲಿಗೆಂದು ತನಿಖೆಯವರು ಬರೆದಿದ್ದಾರೆ. ಬೇಲೆಕೇರಿಯ ಪಾಲಿಗೆ ಬಂದದ್ದು ಕೆಂಪು ಧೂಳು. ಹಗಲೂ ರಾತ್ರಿ ಲಾರಿಗಳ ಸಾಲು. ಬಾಳೆಗುಳಿಯಲ್ಲಿ ರಸ್ತೆ ದಾಟಲು ಕಾಯಬೇಕಿತ್ತು, ಒಣಹಾಕಿದ ಬಟ್ಟೆ ಕೆಂಪಾಗುತ್ತಿತ್ತು, ಮಾವಿನ ಎಲೆ ಕೆಂಪಾಗುತ್ತಿತ್ತು. ಇಶಾಡು ಮಾವಿನ ಊರು ನಮ್ಮದು. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ (ಜಿ.ಐ.) ಮಾನ್ಯತೆ ಸಿಕ್ಕಿತು, ಆ ಸುದ್ದಿ ಎಷ್ಟು ಜನ ಓದಿದರೋ. ಅದಿರಿನ ಸುದ್ದಿ ಮಾತ್ರ ಎಲ್ಲರಿಗೂ ಗೊತ್ತು.

ಕೊನೆಗೆ ಅತ್ಯಂತ ನೋವಿನದು, ಅಂಕೋಲೆಯ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿ ಬದಿಯ ಗುಡ್ಡ ಜಾರಿ ಬಂತು. ರಸ್ತೆಬದಿಯ ಚಹಾ ಅಂಗಡಿಯನ್ನು, ಅದನ್ನು ನಡೆಸುತ್ತಿದ್ದ ಕುಟುಂಬವನ್ನು, ಚಹಾಕ್ಕೆಂದು ನಿಂತ ಚಾಲಕರನ್ನು ಹೊತ್ತುಕೊಂಡು ಗಂಗಾವಳಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು, ಅಲ್ಲೂ ಜೀವ ಹೋಯಿತು. ಗ್ಯಾಸ್ ಟ್ಯಾಂಕರೊಂದು ನದಿಯಲ್ಲಿ ತೇಲಿಹೋಗಿ ಸಗಡಗೇರಿ ಕಡೆಯವರು ಒಲೆ ಹಚ್ಚದೆ ಮನೆ ಬಿಟ್ಟರು. ಸಿಕ್ಕಿಬಿದ್ದವರಲ್ಲಿ ಕೇರಳದ ಲಾರಿ ಚಾಲಕನೊಬ್ಬನಿದ್ದ. ಅವನ ಮನೆಯವರ ಸಂಕಟ ಯಾರಿಗೂ ಅರ್ಥವಾಗುವಂಥದು, ಕೇರಳ ಅವನಿಗಾಗಿ ಹಟ ಹಿಡಿದದ್ದೂ ಸರಿ. ನಮ್ಮ ಸರ್ಕಾರಗಳು ಒತ್ತಾಯವಿಲ್ಲದೆ ಚುರುಕಾಗುವುದು ಕಡಿಮೆ. ಆದರೆ ಆ ವಾರಗಳಲ್ಲಿ ಅಲ್ಲಿಯ ಕೆಲವು ವಾಹಿನಿಗಳು ಇಲ್ಲಿಯ ಜನಕ್ಕೆ ಮನಸ್ಸೇ ಇಲ್ಲ, ಹುಡುಕುತ್ತಲೇ ಇಲ್ಲ ಎಂಬಂತೆ ಸುದ್ದಿ ಹಚ್ಚಿದವು. ಸತ್ತವರಲ್ಲಿ ಹೆಚ್ಚಿನವರ ಮನೆಗಳಲ್ಲಿ ಇಲ್ಲೇ ಸೂತಕ ನಡೆದಿತ್ತು. ಮಳೆಗಾಲದ ಗಂಗಾವಳಿಯ ಸೆಳೆತದಲ್ಲಿ ನೌಕಾಪಡೆಯ ಮುಳುಗುಗಾರರೇ ಇಳಿಯಲಾಗದೆ ವಾಪಸಾಗುತ್ತಿದ್ದರು. ಮಲ್ಪೆಯ ಮುಳುಗುಗಾರ ಈಶ್ವರ್ ಜೀವದ ಹಂಗು ಬಿಟ್ಟು ಇಳಿದರು. ಕೊನೆಗೆ ಗೋವಾದಿಂದ ಹೂಳೆತ್ತುವ ಹಡಗು ತರಿಸಿ, ಸೆಪ್ಟೆಂಬರ್ 25ರಂದು ಲಾರಿ ಮತ್ತು ಚಾಲಕನ ದೇಹ ಸಿಕ್ಕಿತು. ಎರಡು ತಿಂಗಳು ದಾಟಿತ್ತು. ಆ ಹೊತ್ತಿಗೂ ಇಲ್ಲಿಯ ಇಬ್ಬರ ಮನೆಯವರು ಕಾಯುತ್ತಲೇ ಇದ್ದರು. ಅವರ ಬಾಗಿಲಿಗೆ ಯಾವ ಕ್ಯಾಮೆರಾವೂ ಅಷ್ಟಾಗಿ ಬರಲಿಲ್ಲ.

ಗುಡ್ಡ ಕುಸಿದು ಮೂರು ವಾರ ಕಳೆದಿತ್ತಷ್ಟೇ, ಆಗಸ್ಟ್ 6ರ ನಡುರಾತ್ರಿ ದಾಟಿದ ಮೇಲೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಮೇಲಿದ್ದ ತಮಿಳುನಾಡಿನ ಲಾರಿ ನದಿಗೆ ಹೋಯಿತು. ಕತ್ತಲಲ್ಲಿ ಲಾರಿಯ ಮೇಲೆ ಹತ್ತಿ ನಿಂತಿದ್ದ ಚಾಲಕನನ್ನು ಪೊಲೀಸರು, ಇಲ್ಲಿಯ ಮೀನುಗಾರರು ಸೇರಿ ದೋಣಿಯಲ್ಲಿ ದಡಕ್ಕೆ ತಂದರು. ಮನಸ್ಸಿಲ್ಲದ ಜನ ನಡುರಾತ್ರಿ ದೋಣಿ ಇಳಿಸುವುದಿಲ್ಲ. ಶಿರೂರಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು: ಚತುಷ್ಪಥಕ್ಕಾಗಿ ಗುಡ್ಡದ ಬುಡವನ್ನು ಗೋಡೆಯಂತೆ ಕಡಿಯಲು ಒಪ್ಪಿಗೆ ಕೊಟ್ಟವರು ಯಾರು? ನಾವು ಅಗಲ ರಸ್ತೆಗೂ ಜಾಗ ಕೊಟ್ಟೆವು. ಆ ರಸ್ತೆ ವಾಪಸು ಕೊಟ್ಟದ್ದು ಇದನ್ನು.

‘ಕಾರವಾರ ಕನ್ನಡದ ಊರೇ ಅಲ್ಲ’ ಎಂಬ ಹಳೆಯ ದೂರಿಗೆ ಹೆಚ್ಚು ಜಾಗ ಬೇಡ. ಮಹಾಜನ ಆಯೋಗ 1967ರಲ್ಲೇ ಕಾರವಾರವನ್ನು ಕರ್ನಾಟಕದಲ್ಲಿ ಬಿಟ್ಟಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಮೀನು ಮಾರುಕಟ್ಟೆಯಲ್ಲಿ ಎರಡೂ. ಇದರಿಂದ ಇಲ್ಲಿ ಯಾರಿಗೂ ತಲೆನೋವು ಬಂದಿಲ್ಲ. ‘ಸಂಸ್ಕೃತಿ ಇಲ್ಲದ ಊರು’ ಎನ್ನುವವರಿಗೆ 1883ರಲ್ಲಿ ಕಾರವಾರದಲ್ಲಿ ನ್ಯಾಯಾಧೀಶನಾಗಿದ್ದ ಅಣ್ಣನ ಮನೆಗೆ ಬಂದ ಯುವಕ ರವೀಂದ್ರನಾಥ ಟ್ಯಾಗೋರರ ಹೆಸರು ಹೇಳುವುದು ರೂಢಿ. ನಾನಾದರೆ ಟ್ಯಾಗೋರರನ್ನು ಕರೆಯುವುದಿಲ್ಲ. ಹೊನ್ನಳ್ಳಿಯ ತುಳಸಿ ಗೌಡ, ಬಡಗೇರಿಯ ಸುಕ್ರಿ ಬೊಮ್ಮಗೌಡ, ಇಬ್ಬರೂ ಅಂಕೋಲೆಯ ಹಾಲಕ್ಕಿ ಹೆಂಗಸರು, ಇಬ್ಬರೂ ಪದ್ಮಶ್ರೀ. ಒಬ್ಬರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಗಿಡ ಬೆಳೆಸಿದವರು. ಇನ್ನೊಬ್ಬರು ಹಾಡಿನ ಕಣಜ, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿದವರು. ಕೆಲವೇ ವಾರಗಳ ಅಂತರದಲ್ಲಿ, 2024ರ ಡಿಸೆಂಬರಿನಲ್ಲಿ ತುಳಸಜ್ಜಿ, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ಹೋದರು. ಒಂದು ಸಣ್ಣ ತಾಲೂಕಿಗೆ ಇದು ಕಡಿಮೆಯೇನಲ್ಲ.

ನಮ್ಮಲ್ಲಿ ಬೈಯಲು ಏನೂ ಇಲ್ಲ ಎಂದು ಹೇಳುತ್ತಿಲ್ಲ. ಕಾರವಾರದ ಚರಂಡಿ ಬೈಯಿರಿ. ಮಳೆ ಬಿದ್ದರೆ ಬಸ್ ನಿಲ್ದಾಣದ ಸುತ್ತ ನಿಲ್ಲುವ ನೀರು ಬೈಯಿರಿ. ಅಂಕೋಲೆಯ ಹೆದ್ದಾರಿಯಲ್ಲಿ ಮಲಗಿದ ದನ, ಕಡಲತಡಿಗೆ ಎಸೆದ ಬಾಟಲಿ, ಚುನಾವಣೆ ಬಂದಾಗ ಮಾತ್ರ ನೆನಪಾಗುವ ಆಸ್ಪತ್ರೆ ಯೋಜನೆ, ಎಲ್ಲವನ್ನೂ ಬೈಯಿರಿ, ನಾವೂ ಜೊತೆಗೆ ಬೈಯುತ್ತೇವೆ. ಬಹುಶಃ ನಿಮಗಿಂತ ಚೆನ್ನಾಗಿ.

ಬೇಡ ಎನ್ನುವುದು ಇಲ್ಲಿ ಹೊಸದೂ ಅಲ್ಲ, ಅದಕ್ಕಾಗಿ ನಾವು ನಾಚಬೇಕಾಗಿಯೂ ಇಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆಮೇಲೆ ಕರನಿರಾಕರಣೆ ಬಂತು. ರೈತರು ಕಂದಾಯ ಕಟ್ಟಲಿಲ್ಲ, ಸರ್ಕಾರ ಹೊಲ, ಮನೆ, ಪಾತ್ರೆ ಜಪ್ತಿ ಮಾಡಿತು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹಾಗೆ. ಅಂದಿನ ಕಲೆಕ್ಟರನ ಕಡತದಲ್ಲಿ ಈ ಜನ ಹಟಮಾರಿಗಳು, ಕಾನೂನು ಮುರಿಯುವವರು. ಇಂದು ಅದೇ ಜನರ ಹೆಸರನ್ನು ಸ್ಮಾರಕಕ್ಕೆ ಕೆತ್ತಿದ್ದೇವೆ. ಗೇಣಿದಾರರ ಪರವಾಗಿ ನಿಂತ ದಿನಕರ ದೇಸಾಯಿಯವರನ್ನು ಬ್ರಿಟಿಷರು ಜಿಲ್ಲೆಯಿಂದಲೇ ಗಡೀಪಾರು ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಅದೇ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಅಂಕೋಲೆ, ಕಾರವಾರದ ಹಳ್ಳಿಗಳಿಗೆ ಹೈಸ್ಕೂಲು, ಕಾಲೇಜು ತಂದರು. ಸರ್ಕಾರಕ್ಕೆ ಬೇಡ ಎಂದವರೇ ಊರಿಗೆ ಶಾಲೆ ಕಟ್ಟಿದರು. ಅಂದು ಅಲ್ಲಿ ಓದಿದವರ ಮೊಮ್ಮಕ್ಕಳೇ ಇಂದು ಕೇಣಿಯಲ್ಲಿ ಯೋಜನಾ ವರದಿ ಓದುತ್ತಿರುವುದು.

ಕೇಣಿ ಅಂಕೋಲೆ ಪೇಟೆಗೆ ಅಂಟಿಕೊಂಡಂತಿರುವ ಮೀನುಗಾರರ ಊರು. ಅಲ್ಲಿ 4,119 ಕೋಟಿ ರೂಪಾಯಿಯ ಸರ್ವಋತು ಬಂದರು ಕಟ್ಟುವ ಗುತ್ತಿಗೆ 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯು ಕಂಪನಿಗೆ ಸಿಕ್ಕಿದೆ. 2025ರ ಫೆಬ್ರುವರಿಯಲ್ಲಿ ಸಮುದ್ರದೊಳಗೆ ಸಮೀಕ್ಷೆ ಶುರುವಾದಾಗ ನಿಷೇಧಾಜ್ಞೆ ಹೊರಡಿಸಿದರು; ಹೆಂಗಸರು ನೀರಿಗಿಳಿದು ನಿಂತರು. ಆಗಸ್ಟಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಮಾತಾಡಿದವರಲ್ಲಿ ಬಹುಪಾಲು ಜನ ಬೇಡ ಎಂದರು. ಕೂಡಲೇ ಹಳೆಯ ರಾಗ ಮತ್ತೆ ಶುರುವಾಯಿತು: ಈ ಜನಕ್ಕೆ ಏನೂ ಬೇಡ.

ಕೇಣಿಯವರು ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ವಾದಿಸುವ ಹಕ್ಕು ಎಲ್ಲರಿಗೂ ಇದೆ. ನನ್ನ ಅಭಿಪ್ರಾಯದಲ್ಲಿ ಅವರದು ಸರಿ. ನಿಮ್ಮದು ಬೇರೆ ಇರಬಹುದು. ಒಂದೇ ಕೋರಿಕೆ. ಈ ಸಲ ಗೋವಾಕ್ಕೆ ಹೋಗುವಾಗ ಬಾಳೆಗುಳಿಯಲ್ಲಿ ಬಲಕ್ಕೆ ತಿರುಗಿದ ಮೇಲೆ, ಕಾರವಾರ ತಲುಪುವ ಮೊದಲು, ಅಮದಳ್ಳಿ, ತೋಡೂರು ಕಡೆಯ ಸೀಬರ್ಡ್ ನಿರಾಶ್ರಿತರ ಕಾಲನಿಗಳಲ್ಲಿ ಒಂದರ ಮುಂದೆ ಹತ್ತು ನಿಮಿಷ ಕಾರು ನಿಲ್ಲಿಸಿ. ಜಗಲಿಯ ಮೇಲೆ ಯಾರಾದರೂ ಹಿರಿಯರು ಕೂತಿರುತ್ತಾರೆ. ಜಮೀನು ಎಷ್ಟಿತ್ತು, ಗುಂಟೆಗೆ ಎಷ್ಟು ಕೊಟ್ಟರು, ಹಣ ಯಾವ ವರ್ಷ ಕೈಗೆ ಬಂತು ಎಂದು ಕೇಳಿ. ಅವರ ಉತ್ತರ ಕೇಳಿದ ಮೇಲೆ ಕೇಣಿಯ ಬಗ್ಗೆ ಮಾತಾಡಿ.